ಮೊದಲ ತಂಬಿಗೆ

ಮುಂಬಯಿಯ ಮಲಾಡಿನಲ್ಲಿದ್ದ ನಮ್ಮ ಚಾಳು ಕೆಡವಿ ಬಿಲ್ಡಿಂಗ್ ಎಬ್ಬಿಸಿದಾಗ, ಸೊಸೈಟಿಯ ಸೆಕ್ರೆಟರಿ ಶಶಿಕಾಂತ ತನ್ನ ಕಾರು ನಿಲ್ಲಿಸಲೆಂದು ಅಂಗಳದ ಸಿಹಿನೀರಿನ ಬಾವಿ ಮುಚ್ಚಿಸಿದ. ನಮ್ಮತ್ತೆ ಬಾವಿಕಟ್ಟೆಯ ಮೇಲೆ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿತ್ತು. ಅದರ ಮೇಲೆಯೇ ಕಲ್ಲುಮಣ್ಣು ಸುರಿಸಿದ.

ಈ ಬೇಸಿಗೆ ನಳ ಒಣಗಿತು. ಬೋರ್‌ವೆಲ್ ಕೊರೆಸಲು ಹೊರಟವನು ನನ್ನ ಬಾಗಿಲಿಗೇ ಬಂದ.

"ಮಲ್ಲವ್ವಕ್ಕಾ, ನೀರಿದ್ದಲ್ಲಿ ನಿಮ್ಮ ಅಂಗೈಮ್ಯಾಲೆ ಕಾಯಿ ಎದ್ದು ನಿಲ್ತೈತಂತ. ನನ್ನ ಪಾರ್ಕಿಂಗ್ ಬಿಟ್ಟು ಬ್ಯಾರೆ ಎಲ್ಲೆರ ತೋರಸ್ರಿ."

ಸಮುದ್ರ ಒಳಚಾಚಿಕೊಂಡ ಖಾಡಿಯ ಕಡೆ ಕರಿಗಲ್ಲು ಕೊರೆದರೆ ಸಮುದ್ರದ ಉಪ್ಪುನೀರೇ ಬರುವುದೆಂದು ಚಾಳಿನ ಹಳಬರಿಗೆಲ್ಲ ಗೊತ್ತಿತ್ತು. ಅಂಗೈಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ನಾನು ಆ ಕಡೆಗೇ ನಡೆದೆ. ಕಂಪೌಂಡ್ ಗೋಡೆಯ ಹತ್ತಿರ ಬೆರಳಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದೆ. ಬಿಲ್ಡಿಂಗಿನವರೆಲ್ಲ ಕೈಮುಗಿದರು. ಉಪ್ಪುನೀರು ನನ್ನ ಮನೆಗೂ ಬರುತ್ತದೆ, ಬರಲಿ.

ನೀರು ಚಿಮ್ಮಿದ ದಿನ ಗಂಗಾಪೂಜೆ ಮಾಡಿ ಮೊದಲ ತಂಬಿಗೆಯನ್ನು ಶಶಿಕಾಂತನಿಗೇ ಕೊಟ್ಟೆ. ಒಂದೇ ಗುಟುಕಿಗೆ ಅವನು ಮುಖ ಕಿವುಚಿದ.

"ಸಿಹಿನೀರಿನ ಮ್ಯಾಲೆ ನಿಮ್ಮ ಗಾಡಿ ನಿಂತೈತ್ರಿ," ಎಂದೆ. "ಇನ್ನ ಅದನ್ನ ದಿನಾ ಇದೇ ನೀರಾಗ ತೊಳೀರಿ, ತುಕ್ಕು ಹಿಡಿದು ಉದುರೂತನಕ."