ಗುಬ್ಬಿಯ ಹೆಗಲು

ಜೀನಿನ ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆಯುವಷ್ಟರಲ್ಲಿ ಗುಬ್ಬಿ ಎಂಬ ಆ ಕುದುರೆ ಕತ್ತು ತಿರುಗಿಸಿ ಅಕ್ಕನ ತೋಳಿಗೆ ಬಾಯಿ ಹಾಕಿತು. ಹಲ್ಲಿಗೆ ಸಿಕ್ಕಿದ್ದು ಅಂಗಿಯ ತೋಳು ಮಾತ್ರ. ಬಟ್ಟೆ ಪರ್ರೆಂದು ಹರಿಯಿತು.

"ನೋಡಿದ್ಯಾ ಅಮ್ಮ? ನೋಡಿದ್ಯಾ ಇವನ ಬುದ್ಧಿನ?" ಅಕ್ಕನ ದನಿ ಏರಿತು. "ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಕಡೆ ಹಲ್ಲು ತೋರಿಸಿದವನಲ್ಲ. ಒಂದು ವರ್ಷ ಇವಳ ಕೈಗೆ ಕೊಟ್ಟಿದ್ದಕ್ಕೆ ಕಚ್ಚೋದು ಕಲಿತು ಕೂತಿದ್ದಾನೆ. ಪೂರ್ತಿ ಕೆಡಿಸಿಟ್ಟಿದ್ದಾಳೆ!"

ಇವಳು ಎಂದರೆ ತಂಗಿ. ಲಾಯದ ಬಾಗಿಲಿಗೆ ಒರಗಿ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. 'ನನ್ನನ್ನ ಕಚ್ಚಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ವಾರ ಅದನ್ನು ಆಡಿ ಅನುಭವಿಸಿದ್ದು ಸಾಕಾಗಿತ್ತು. ಎರಡು ದಿನ ಅಕ್ಕ ಅವಳ ಜೊತೆ ಊಟಕ್ಕೆ ಕೂತಿರಲಿಲ್ಲ. ಅಮ್ಮ ಮಾತ್ರ ನಿದ್ದೆ ಹೋಗಿದ್ದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, "ಮೆಲ್ಲಗೆ ಮಾತಾಡ್ರೇ, ಮಗು ಏಳತ್ತೆ" ಎಂದಳು. ಮಗು ಎದ್ದರೆ ಏನಾಗುತ್ತದೆ ಎನ್ನುವುದಕ್ಕಿಂತ, ಹೆಣ್ಣುಮಕ್ಕಳಿಬ್ಬರೂ ಬಾಯಿ ಬಿಟ್ಟರೆ ಏನಾಗುತ್ತದೆ ಎನ್ನುವುದೇ ಅವಳಿಗಿದ್ದ ಭಯ.

ಗುಬ್ಬಿ ಎಂದು ಕರೆದವರು ಅದು ಮರಿಯಾಗಿದ್ದಾಗ ಕರೆದದ್ದು. ಈಗ ಅದರ ಬೆನ್ನು ನೋಡಬೇಕಾದರೆ ತಂಗಿ ತುದಿಗಾಲಲ್ಲಿ ನಿಲ್ಲಬೇಕು. ಕುದುರೆಗೇನೋ ಹೆಸರಿನ ಬಗ್ಗೆ ತಕರಾರಿರಲಿಲ್ಲ. ಡ್ರೆಸಾಜ್ ಸ್ಪರ್ಧೆಗಳಲ್ಲಿ ಆ ಹೆಸರು ಕೂಗಿದಾಗ ಜನ ನಗುತ್ತಿದ್ದರು, ಅದು ಅಂಕಣಕ್ಕೆ ಇಳಿದ ಮೇಲೆ ಸುಮ್ಮನಾಗುತ್ತಿದ್ದರು. ಡ್ರೆಸಾಜ್ ಎಂದರೆ ಓಡುವುದೂ ಅಲ್ಲ, ಹಾರುವುದೂ ಅಲ್ಲ. ಮರಳಿನ ಅಂಕಣದಲ್ಲಿ ಸವಾರರು ಕಾಲು, ಲಗಾಮಿನಿಂದ ಆಡುವ ಸದ್ದಿಲ್ಲದ ಮಾತನ್ನು ಕುದುರೆ ಕೇಳಿ ನಡೆದು ತೋರಿಸಬೇಕು. ಗುಬ್ಬಿ ಅಕ್ಕನ ಮಾತು ಕೇಳುತ್ತಿತ್ತು. ಅಕ್ಕ ಬಸುರಿಯಾದಾಗ ಅಮ್ಮನೇ ಹೇಳಿದ್ದಳು: "ಕುದುರೆ ನಿಂದೇ. ನೀನು ವಾಪಸ್ ಬರೋವರೆಗೂ ಇವಳು ನಡೆಸ್ತಿರಲಿ, ಅಷ್ಟೇ."

ತಂಗಿ ಅದನ್ನು ಅಕ್ಷರಶಃ ಪಾಲಿಸಿದಳು. ಅಕ್ಕನ ಕರಿಯ ಜೀನನ್ನು ಮುಟ್ಟಲೂ ಇಲ್ಲ. ಅದನ್ನು ಬಟ್ಟೆ ಸುತ್ತಿ ಗೂಟದ ಮೇಲೆ ಇಟ್ಟು, ತನ್ನದೇ ಹಳೆಯ, ಸವೆದ, ಅಗಲವಾದ ಜೀನಿನಲ್ಲಿ ವರ್ಷವಿಡೀ ಸವಾರಿ ಮಾಡಿದಳು. ಅದು ಸ್ಪರ್ಧೆಗೆ ಲಾಯಕ್ಕಾದ ಜೀನಲ್ಲ. ಆದರೆ ಸ್ಪರ್ಧೆಗೆ ಹೋಗುವವಳು ಅವಳೂ ಆಗಿರಲಿಲ್ಲವಲ್ಲ.

ಅಕ್ಕ ಮರಳಿ ಎರಡು ತಿಂಗಳು. ಮುಂದಿನ ತಿಂಗಳು ಆಯ್ಕೆ ಸ್ಪರ್ಧೆ. ಒಂದು ಕುದುರೆಗೆ ಒಬ್ಬರ ಹೆಸರನ್ನೇ ಕೊಡಬೇಕು, ಕೊಡಬೇಕಾದ್ದು ಈ ವಾರ. ಗುಬ್ಬಿಯೋ, ಜೀನು ಕಂಡರೆ ಕಿವಿ ಹಿಂದಕ್ಕೆ ಒತ್ತುತ್ತಿತ್ತು, ಬಾಲ ಬೀಸುತ್ತಿತ್ತು, ಕಾಲು ಚಾಚು ಎಂದರೆ ಮೊಳ ಹಾಕುವಂತೆ ಪುಟ್ಟ ಹೆಜ್ಜೆ ಇಡುತ್ತಿತ್ತು. ಅಕ್ಕ ಹಿಮ್ಮಡಿಯಿಂದ ಒತ್ತಿದಳು, ಚಾವಟಿ ತಾಗಿಸಿದಳು. ಕೊನೆಗೆ, ಅಂಗಿ ಹರಿದ ಮೇಲೆ, ಕುದುರೆಯ ಮೈ ಅಳೆದು ಜೀನು ಕೂರಿಸಿ ಮಾರುವ ಜೀನಿನವನಿಗೆ ಅಮ್ಮ ಫೋನ್ ಮಾಡಿದಳು.

ಜೀನಿನವನು ವ್ಯಾನಿನಿಂದ ಇಳಿಯುವಾಗಲೇ ಮಾತು ಶುರು ಮಾಡಿದ್ದ. ರಸ್ತೆ ಸರಿಯಿಲ್ಲ, ಸೊಂಟ ಸರಿಯಿಲ್ಲ, ಆದರೆ ನಿಮ್ಮ ಕುದುರೆಯ ಕಣ್ಣು ಮಾತ್ರ ಭಾರಿ ಚೆನ್ನಾಗಿದೆ. ಕಂಡ ಕುದುರೆಗೆಲ್ಲ ಬೆಣ್ಣೆ ಹಚ್ಚುವವನೆಂದು ಅವನು ಎಲ್ಲ ಲಾಯಗಳಲ್ಲೂ ಹೆಸರುವಾಸಿ. ಜೀನು ಹಾಕಿ ನಿಂತಿದ್ದ ಗುಬ್ಬಿಯ ಕತ್ತಿನಿಂದ ಅಂಗೈ ಸವರುತ್ತಾ ಬಂದ. ಹೆಗಲಿನ ಹಿಂದಿನ ಗುಳಿಗೆ ಬೆರಳು ತಗಲಿದ್ದೇ ತಡ, ಚರ್ಮ ನೊಣ ಕೂತಂತೆ ಅದುರಿತು. ಅವನು ಜೀನಿನ ಅಂಚು ಎತ್ತಿ ನೋಡಿದ.

"ಕೆಳಗೆ ಎರಡು ದಪ್ಪ ಮೆತ್ತೆ ಯಾಕೆ ಮೇಡಂ?"

"ಅವನಿಗೆ ನೋಯ್ತಿರಬಹುದು ಅಂತ. ಮೆತ್ತಗಿರಲಿ ಅಂತ," ಅಂದಳು ಅಕ್ಕ.

"ಶೂ ಬಿಗಿಯಾದ್ರೆ ಎರಡು ಜೊತೆ ಕಾಲುಚೀಲ ಹಾಕ್ಕೋತೀರಾ?"

ಅಮ್ಮನಿಗೆ ನಗು ಬಂತು. ದೊಡ್ಡ ಮಗಳ ಮುಖ ನೋಡಿ ಅದನ್ನು ಅಲ್ಲೇ ನುಂಗಿದಳು.

"ಈ ಜೀನಲ್ಲಿ ಮೂರು ಪದಕ ತಂದಿದ್ದೀನಿ ನಾನು. ಇದೇ ಕುದುರೆ ಮೇಲೆ," ಎಂದಳು ಅಕ್ಕ.

"ಕುದುರೆ ಅದೇ ಇರಬಹುದು, ಮೈ ಅದೇ ಅಲ್ಲ. ಇಲ್ನೋಡಿ, ಹೆಗಲು ಎಷ್ಟು ತುಂಬ್ಕೊಂಡಿದೆ! ವರ್ಷದಿಂದ ಯಾರೋ ಭಾಳ ಚೆನ್ನಾಗಿ ಕೆಲಸ ಮಾಡ್ಸಿದ್ದಾರೆ. ಅವನು ಕಾಲು ಮುಂದಕ್ಕೆ ಚಾಚಿದಾಗೆಲ್ಲ ಹೆಗಲ ಮೂಳೆ ಹಿಂದಕ್ಕೆ ಬರಬೇಕು. ಬರೋ ಜಾಗದಲ್ಲಿ ನಿಮ್ಮ ಜೀನು ಕೂತಿದೆ."

ಬಾಗಿಲ ಹತ್ತಿರ ತಂಗಿ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿದ್ದನ್ನು ಅಕ್ಕ ನೋಡಿದಳು. ನೋಡಿ ಮೈಯೆಲ್ಲ ಉರಿಯಿತು.

"ಜೀನು ಮಾರೋರಿಗೆ ಬೇರೆಯವರ ಜೀನೆಲ್ಲ ಬಿಗಿಯಾಗೇ ಕಾಣತ್ತೆ ಅಲ್ವಾ?" ಅಂದಳು.

ಜೀನಿನವನಿಗೆ ಬೇಜಾರೇನೂ ಆಗಲಿಲ್ಲ. ಇಂಥ ಮಾತು ಅವನಿಗೆ ಬೆಳಗಿನ ಕಾಫಿ ಇದ್ದ ಹಾಗೆ. "ಹೊಟ್ಟೆಪಾಡು ಮೇಡಂ, ಇಲ್ಲ ಅನ್ನಲ್ಲ. ನನ್ನ ಮಾತು ನಂಬಲೇಬೇಡಿ. ಮೆತ್ತೆ ಎರಡನ್ನೂ ತೆಗೀತೀನಿ. ನಿಮ್ಮ ತಂಗಿ ಮೇಲೆ ಕೂರಲಿ. ನೀವು ಜೀನಿನ ಕೆಳಗೆ ಕೈ ಇಟ್ಕೊಂಡು ಪಕ್ಕದಲ್ಲಿ ನಡೀರಿ. ಅಷ್ಟು ಸಾಕು."

ಅಂಕಣಕ್ಕೆ ಬಂದರು. ಅಕ್ಕನ ಜೀನಿನ ಮೇಲೆ ತಂಗಿ ಕುಳಿತದ್ದು ಅದೇ ಮೊದಲು. ಎಲ್ಲಿ ಮುಟ್ಟಿದರೆ ಏನು ತಪ್ಪೋ ಎನ್ನುವಂತೆ ಮೈ ಮುದುಡಿಕೊಂಡಿದ್ದಳು. ಅಕ್ಕ ಎಡಗೈಯನ್ನು ಜೀನಿನ ಮುಂಭಾಗದ ಕೆಳಗೆ, ಬೆಚ್ಚನೆಯ ರೋಮದ ಮೇಲೆ ತೂರಿಸಿದಳು. ಬೆರಳು ಹೋಗುವುದೇ ಕಷ್ಟವಾಯಿತು. "ಹೂಂ, ನಡೆ," ಅಂದಳು.

ಗುಬ್ಬಿ ಮೊದಲ ಹೆಜ್ಜೆ ಎತ್ತಿತು. ಹೆಗಲ ಮೂಳೆ ಒಳಗಿನಿಂದ ಜಾರಿ ಬಂದು ಅವಳ ಬೆರಳುಗಳನ್ನು ಜೀನಿನ ಒಳಗಿನ ಗಟ್ಟಿ ಚೌಕಟ್ಟಿಗೆ ಅದುಮಿತು. ಬಾಗಿಲ ಸಂದಿಗೆ ಕೈ ಸಿಕ್ಕಿದಂತಾಗಿ ಅವಳ ಉಸಿರು ನಿಂತಿತು. ಕಾಲು ಹಿಂದೆ ಹೋದಾಗ ಸ್ವಲ್ಪ ಸಡಿಲವಾಯಿತು. ಅಬ್ಬ ಎನ್ನುವಷ್ಟರಲ್ಲಿ ಮುಂದಿನ ಹೆಜ್ಜೆ. ಮತ್ತೆ ಅದೇ ಜಾಗ, ಅದೇ ಮೂಳೆ.

ಅವಳು ಕೈ ತೆಗೆಯಲಿಲ್ಲ. ಮೊದಲು ಹಟಕ್ಕೆ ತೆಗೆಯಲಿಲ್ಲ, ಆಮೇಲೆ ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ. ಪಕ್ಕದಲ್ಲೇ ಗುಬ್ಬಿಯ ಕಣ್ಣು ಕಾಣುತ್ತಿತ್ತು. ಪ್ರತಿ ಹೆಜ್ಜೆಗೂ ಅದು ಸ್ವಲ್ಪ ಸಣ್ಣದಾಗುತ್ತಿತ್ತು, ಅವಳು ಹಲ್ಲು ಕಚ್ಚಿಕೊಳ್ಳುವ ಹೊತ್ತಿಗೇ. ಇದು ಬರೀ ನಡಿಗೆ. ಎರಡು ತಿಂಗಳಿಂದ ತಾನು ಮೈಭಾರವೆಲ್ಲ ಬಿಟ್ಟು ಕೂತು, ಇದೇ ಹೆಗಲನ್ನು ಚಾಚು ಚಾಚು ಎಂದು ಒದ್ದಿದ್ದು ಅವಳಿಗೆ ನೆನಪಾಯಿತು.

"ಸಾಕು ಬಾರೇ, ಕೈ ಜಜ್ಜಿ ಹೋಗತ್ತೆ!" ಬೇಲಿಯ ಆಚೆಯಿಂದ ಅಮ್ಮ ಕೂಗಿದಳು.

ಕೈ ಹೊರಗೆ ಬಂದಾಗ ಬೆರಳ ಗೆಣ್ಣುಗಳು ಬಿಳಿಚಿದ್ದವು, ನೋಡುತ್ತಿದ್ದಂತೆ ಕೆಂಪಾದವು. ತಂಗಿ ಮೇಲಿನಿಂದ ಬಗ್ಗಿ, "ಅಕ್ಕ, ತೋರಿಸು," ಅಂದಳು. ಅಕ್ಕ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಕೋಪ ಹೋಗಿರಲಿಲ್ಲ. ಯಾರ ಮೇಲೆ ಹಾಕುವುದೆಂದು ಮಾತ್ರ ತಿಳಿಯುತ್ತಿರಲಿಲ್ಲ.

"ಹೊಸ ಜೀನು ತೋರಿಸಿ," ಎಂದಳು ಜೀನಿನವನಿಗೆ.

"ತೋರಿಸ್ತೀನಿ. ಯಾರ ಅಳತೆಗೆ?"

ಈ ಪ್ರಶ್ನೆಯನ್ನು ಮನೆಯಲ್ಲಿ ಎರಡು ತಿಂಗಳಿಂದ ಮೂವರೂ ಸುತ್ತು ಹಾಕಿಕೊಂಡು ನಡೆಯುತ್ತಿದ್ದರು. ಇವನೋ ಹೊರಗಿನವನು, ಸೀದಾ ಅದರ ಮೇಲೇ ಕಾಲಿಟ್ಟ.

"ಇಬ್ಬರಿಗೂ ಆಗೋ ಹಾಗೆ ಒಂದು ಕೊಡಿ," ಅಂದಳು ಅಮ್ಮ. ಚಿಕ್ಕಂದಿನಲ್ಲಿ ಒಂದೇ ಕೊಡೆಯಲ್ಲಿ ಇಬ್ಬರನ್ನೂ ಶಾಲೆಗೆ ಕಳಿಸಿದವಳು ಅವಳು.

"ಹಾಗೆ ಬರಲ್ಲಮ್ಮ. ದೊಡ್ಡವರ ಕಾಲು ಉದ್ದ, ಚಿಕ್ಕವರು ಇಷ್ಟೇ ಇದ್ದಾರೆ. ಮಧ್ಯದ್ದು ತಗೊಂಡ್ರೆ ಒಬ್ಬರಿಗೂ ಸುಖ ಇಲ್ಲ."

"ನನ್ನ ಅಳತೆಗೆ," ಅಂದಳು ಅಕ್ಕ. ತಂಗಿ ಆಗಲೇ ಇಳಿದು ಲಗಾಮು ಹಿಡಿದು ನಿಂತಿದ್ದಳು, ಆ ಮಾತು ತನಗೆ ಕೇಳಿಸಲೇ ಇಲ್ಲವೆಂಬಂತೆ.

ಜೀನಿನವನು ಗುಬ್ಬಿಯ ಪಕ್ಕೆ ತಡವಿ ಒಂದು ಕಡೆ ಬೆರಳು ನಿಲ್ಲಿಸಿದ. "ಇದು ಕೊನೇ ಪಕ್ಕೆಲುಬು. ಜೀನು ಇದನ್ನ ದಾಟಬಾರದು, ದಾಟಿದ್ರೆ ಸೊಂಟಕ್ಕೆ ಏಟು. ಇವನ ಬೆನ್ನು ಗಿಡ್ಡ. ಹೆಗಲಿಗೆ ಜಾಗ ಬಿಟ್ಟು, ಇಲ್ಲಿಗೆ ಮುಗೀಬೇಕು ಅಂದ್ರೆ..." ವ್ಯಾನಿಗೆ ಹೋಗಿ ಕಂದು ಬಣ್ಣದ ಜೀನೊಂದನ್ನು ತೋಳ ಮೇಲೆ ಹೊತ್ತು ತಂದ. "ಇದಕ್ಕಿಂತ ದೊಡ್ಡದು ಕೂರಿಸೋಕಾಗಲ್ಲ. ಇದು ನಿಮಗೆ ಆಗತ್ತಾ ನೋಡಿ."

ಜೀನು ಗುಬ್ಬಿಯ ಬೆನ್ನ ಮೇಲೆ ತಾನಾಗಿ ಹೋಗಿ ಕುಳಿತಿತು. ಹೊಟ್ಟೆಪಟ್ಟಿ ಎಳೆದಾಗ ಗುಬ್ಬಿ ಕಚ್ಚಲಿಲ್ಲ, ಬೇಲಿ ಕಡೆ ನೋಡುತ್ತ ನಿಂತಿತು. ಅಕ್ಕ ಹತ್ತಿದಳು.

ಮೊದಲ ಸುತ್ತು ಅವಳು ಬಹಳ ದಿನ ನೆನಪಿಡುವಂಥದ್ದು. ಲಗಾಮು ಸಡಿಲ ಬಿಟ್ಟದ್ದೇ ಗುಬ್ಬಿ ಕತ್ತು ಉದ್ದ ಮಾಡಿ ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟಿತು. ನಡಿಗೆಗಿಂತ ಚುರುಕಾದ ಟ್ರಾಟಿಗೆ ಕಾಲು ತಾಗಿಸಿದಳು. ಮುಂಗಾಲುಗಳು ಹೆಗಲಿನಿಂದಲೇ ಎದ್ದು ಮುಂದಕ್ಕೆ ಹೋದವು, ಎರಡು ಹೆಜ್ಜೆಯ ನಡುವೆ ಇಡೀ ಕುದುರೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ತಾನು ಬಿಟ್ಟುಹೋದ ಗುಬ್ಬಿಗಿಂತ ಇದು ಚೆಂದದ ಗುಬ್ಬಿ. "ಇದೇ ಇರಲಿ!" ಎಂದು ಕೂಗಿದಳು.

ಎರಡನೇ ಸುತ್ತಿಗೆ ನೋವು ಶುರುವಾಯಿತು. ಹೆರಿಗೆಯ ನಂತರ ಅವಳ ಸೊಂಟ ಹಳೆಯ ಅಳತೆಗೆ ಮರಳಿರಲಿಲ್ಲ. ಅದನ್ನು ಅಮ್ಮನಿಗೂ ಹೇಳಿರಲಿಲ್ಲ, ಕನ್ನಡಿಗೂ ಹೇಳಿರಲಿಲ್ಲ. ಜೀನು ಎರಡು ಕಡೆಯಿಂದ ಒತ್ತುತ್ತಿತ್ತು, ಉದ್ದನೆಯ ಮಂಡಿ ಚರ್ಮದ ಅಂಚು ದಾಟಿ ಹೊರಗೆ ಬರುತ್ತಿತ್ತು. ತಡೆದುಕೊಳ್ಳಬಹುದು. ಇನ್ನೊಂದು ತಿಂಗಳು ತಾನೆ. ಅವಳು ತೊಡೆ ಬಿಗಿಹಿಡಿದು, ಬೆನ್ನು ಸೆಟೆಸಿ, ಮುಖದಲ್ಲಿ ನಗು ಇಟ್ಟುಕೊಂಡು ಅಮ್ಮನ ಮುಂದೆ ಹಾದುಹೋದಳು. "ಚೆನ್ನಾಗಿದೆ ಕಣೇ!" ಎಂದು ಅಮ್ಮ ಮಗುವಿನ ಕೈ ಎತ್ತಿ ಆಡಿಸಿದಳು.

ಮೂಲೆಯಲ್ಲಿ ಗುಬ್ಬಿಯ ಹೆಜ್ಜೆ ಗಿಡ್ಡವಾಯಿತು. ಅವಳು ಹಿಮ್ಮಡಿ ತಾಗಿಸಿದಳು, ಇನ್ನೂ ಗಿಡ್ಡವಾಯಿತು. ಕಿವಿ ಹಿಂದೆ ಹೋಯಿತು. ಮೇಲೆ ಕೂತವಳ ಬಿಗಿತ ಕೆಳಗೆ ಇಳಿಯುತ್ತಿತ್ತು. ಇನ್ನೊಂದು ಸುತ್ತು ಪ್ರಯತ್ನಿಸಿದಳು. ಜೀನಿನವನು ಬಂದಾಗಿನಿಂದ ಮೊದಲ ಸಲ ಸುಮ್ಮನೆ ನಿಂತಿದ್ದ, ಅದೇ ಅವಳಿಗೆ ಎಲ್ಲಕ್ಕಿಂತ ಕೆಟ್ಟದೆನಿಸಿತು. ಈ ಸಲ ಜೀನಿನ ನೆಪವೂ ಇರಲಿಲ್ಲ, ತಂಗಿಯ ನೆಪವೂ ಇರಲಿಲ್ಲ.

ಅಂಕಣದ ನಡುವೆ ನಿಲ್ಲಿಸಿ ಇಳಿದಳು. ಕಾಲು ನೆಲಕ್ಕೆ ತಾಗಿದಾಗ ಸೊಂಟದ ನೋವಿಗೆ ಜೀನನ್ನೇ ಹಿಡಿದು ನಿಲ್ಲಬೇಕಾಯಿತು.

"ಬಾ, ಹತ್ತು," ಎಂದಳು ತಂಗಿಗೆ.

ತಂಗಿ ಅಲುಗಲಿಲ್ಲ. "ನಂಗೆ ಬೇಡ."

"ಹತ್ತೇ ಅಂದ್ರೆ."

"ಬೇಡ ಅಕ್ಕ. ಇವತ್ತು ಹತ್ತು ಅಂತೀಯ, ನಾಳೆ ನಾನು ಕಸ್ಕೊಂಡೆ ಅಂತೀಯ. ನನ್ನ ಕೈಲಾಗಲ್ಲ. ಒಂದು ವರ್ಷ ನಿನ್ನ ಜೀನನ್ನ ಮುಟ್ಟಲಿಲ್ಲ ನಾನು. ನೀನು ಬಂದು ಕೆಡ್ಸಿದೆ ಅಂದೆ."

"ಅಂದೆ."

"ಅಮ್ಮನ ಮುಂದೆ ಅಂದೆ."

ಅಕ್ಕ ಬೇಲಿಯ ಕಡೆ ತಿರುಗಿದಳು. ಜೀನಿನವನು ವ್ಯಾನಿನಲ್ಲಿ ಏನೋ ಹುಡುಕುವ ನೆಪದಲ್ಲಿ ಅತ್ತ ಸರಿದ.

"ಅಮ್ಮ, ಇವಳೇನೂ ಕೆಡಿಸಿಲ್ಲ. ನಾನೇ ಎರಡು ತಿಂಗಳು ಅವನ ಹೆಗಲು ಕಟ್ಟಿಹಾಕಿ, ಯಾಕೆ ನಡೆಯಲ್ಲ ಅಂತ ಹೊಡೆದಿದ್ದು. ಸ್ಪರ್ಧೆಗೆ ಇವಳ ಹೆಸರು ಕೊಡು."

"ದುಡುಕಬೇಡ್ವೇ," ಅಮ್ಮನಿಗೆ ಗಾಬರಿಯಾಯಿತು. "ಮೈ ಒಂದಿಷ್ಟು ಇಳಿದ್ರೆ ನೀನೇ..."

"ಇಳಿಬಹುದಮ್ಮ. ಮುಂದಿನ ತಿಂಗಳಿಗಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದೇಬಿಟ್ಟಿತು. ಒರೆಸಿಕೊಳ್ಳಲಿಲ್ಲ. ಕುದುರೆಯ ಆ ಕಡೆ ಹೋಗಿ ಕಾಲಿಡುವ ರಿಕಾಪಿನ ಪಟ್ಟಿಯನ್ನು ತಂಗಿಯ ಕಾಲಿನ ಅಳತೆಗೆ ಮೇಲಕ್ಕೆ ಕಟ್ಟತೊಡಗಿದಳು. ತಂಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಈ ಕಡೆಯ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಹತ್ತಿದಳು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಮಗು ಎದ್ದು ರಾಗ ತೆಗೆಯಿತು. "ಹಸಿವು ಕಣೇ ಇದಕ್ಕೆ," ಎಂದು ಅಮ್ಮ ಕೂಗಿದಳು.

"ಬಂದೆ."

ಬಂದೆ ಎಂದ ಅಕ್ಕ ಊದಿದ ಎಡಗೈಯನ್ನೇ ಮತ್ತೆ ಜೀನಿನ ಮುಂಭಾಗದ ಕೆಳಗೆ ಇಟ್ಟಳು. ಗುಬ್ಬಿ ನಡೆಯಿತು. ಹೆಗಲ ಮೂಳೆ ಅಂಗೈಯ ಕೆಳಗೆ ದುಂಡಗೆ ಬಂತು, ಬೆರಳುಗಳನ್ನು ಸ್ವಲ್ಪ ಎತ್ತಿತು, ಹಾಗೇ ದಾಟಿ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

"ಕೈ ತೆಗಿ ಅಕ್ಕ, ಟ್ರಾಟ್ ಹೋಗ್ಬೇಕು."

"ಹೋಗು. ನಾನಿದ್ದೀನಿ."

ತಂಗಿ ಕಾಲು ತಾಗಿಸಿದಳು. ಗುಬ್ಬಿಯ ಹೆಜ್ಜೆ ಉದ್ದವಾಯಿತು. ಅಕ್ಕ ಬೇಗ ಬೇಗ ನಡೆದಳು, ಆಮೇಲೆ ಕುಂಟುತ್ತ ಓಡಿದಳು, ಅಂಕಣದ ತಿರುವಿನಲ್ಲಿ ಅವಳ ಕೈ ತಾನಾಗಿ ಹೊರಗೆ ಬರುವವರೆಗೂ.