ಹೇಜುನ್‌ಗೆ ಎಸೆದ ಚೆಂಡು

ಸತತ ಹದಿನಾರು ಪಂದ್ಯ ಸೋತಿದ್ದ ನಮ್ಮ ಗುನ್ಸಾನ್ ಊರಿನ ಬೇಸ್‌ಬಾಲ್ ತಂಡದಲ್ಲಿ, ಸೋಲಿಗಿಂತ ತನ್ನ ಕೈಗೇ ಹೆಚ್ಚು ಹೆದರುತ್ತಿದ್ದವನು ಚೆಂಡು ಎಸೆಯುವ ಗಿಲ್ಸು. ಮೇ ತಿಂಗಳಲ್ಲಿ ಅವನು ಎಸೆದ ಚೆಂಡು ಎದುರಾಳಿ ತಂಡದ ಮಾ ಹೇಜುನ್‌ನ ದವಡೆ ಮುರಿದಿತ್ತು. ಈ ಭಾನುವಾರ ಮಧ್ಯಾಹ್ನ, ಅಂಕ ಸಮವಾಗಿದ್ದ ಕೊನೆಯ ಸರದಿಯಲ್ಲಿ, ಅದೇ ಹೇಜುನ್ ಬ್ಯಾಟ್ ಹಿಡಿದು ಬಂದ. ಗಿಲ್ಸು ಮೊದಲ ಮೂರು ಚೆಂಡುಗಳನ್ನೂ ಅವನಿಂದ ಮಾರು ದೂರ ಎಸೆದ.

ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದ ನಾನು ಎದ್ದು ಅವನ ಬಳಿ ಓಡಿದೆ.

"ಕೈ ನನ್ನ ಮಾತು ಕೇಳ್ತಿಲ್ಲ ಅಣ್ಣಾ. ಮತ್ತೆ ಅವನಿಗೇ ಬಿದ್ರೆ? ಕೋಚ್‌ಗೆ ಹೇಳಿ ನನ್ನ ಬದಲಾಯಿಸು," ಎಂದ. ಅವನ ತುಟಿ ಬಿಳಿಚಿಕೊಂಡಿತ್ತು.

"ಅವನ ಮೊಣಕಾಲು ನೋಡೋ. ನಿನಗಿಂತ ಜಾಸ್ತಿ ನಡುಗ್ತಿದೆ. ಆದ್ರೂ ಬಂದು ನಿಂತಿದಾನೆ. ನೀನು ನನ್ನ ಗ್ಲೌಸ್ ಬಿಟ್ಟು ಬೇರೇನೂ ನೋಡ್ಬೇಡ."

ವಾಪಸು ಬಂದು ಕುಕ್ಕರಗಾಲಲ್ಲಿ ಕೂತೆ. ಹೇಜುನ್ ಏದುಸಿರು ಬಿಡುವುದು ನನಗೆ ಕೇಳಿಸುತ್ತಿತ್ತು. ಈ ಸಲ ಚೆಂಡು ನೇರವಾಗಿ ಬಂತು. ಹೇಜುನ್ ಬೀಸಿ ಹೊಡೆದ. ಅದು ಗೋಡೆ ದಾಟಿ ಪ್ರೇಕ್ಷಕರ ನಡುವೆ ಬಿತ್ತು. ಹದಿನೇಳನೆಯ ಪಂದ್ಯವೂ ಹೋಯಿತು.

ಗಿಲ್ಸು ನಿಂತಲ್ಲೇ ಕುಸಿದ. ನಾನು ಹೋಗಿ ಎಬ್ಬಿಸುವಾಗ ಅಳುತ್ತಾ ಒಂದೇ ಮಾತು ಕೇಳುತ್ತಿದ್ದ: "ಅವನಿಗೆ ತಾಗಲಿಲ್ಲ ಅಲ್ವಾ ಅಣ್ಣಾ?"