ಬೂದಿ ಮುಟ್ಟಿ ನೋಡಿದ ಗಿರ್ದಾವರ

ಯಲಬುರ್ಗಾದ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿದ್ದ ಮರ್ದಾನಸಾಬನ ಚಹಾದಂಗಡಿಯಲ್ಲಿ ಆ ವಾರವೆಲ್ಲ ಒಂದೇ ಮಾತು. ವೃದ್ಧಾಪ್ಯ ವೇತನದ ಪಟ್ಟಿ ಬೆಳೆದುಹೋಗಿದೆ, ಊರಿಗಿಷ್ಟೇ ಜನ ಎಂದು ಮಿತಿ ಹಾಕಿ ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ತಿಂಗಳಿಗೆ ನಲವತ್ತು ರೂಪಾಯಿ ಪಡೆಯುವ ಮುದುಕರಿಂದಲೇ ಸರ್ಕಾರ ಮುಳುಗುತ್ತಿದೆ ಎಂದು, ಒಂದನೇ ತಾರೀಖಿಗೆ ತಪ್ಪದೆ ಪಗಾರ ಪಡೆಯುವವರು ಬಲವಾಗಿ ನಂಬಿದ್ದರು.

ಗಿರ್ದಾವರ ದೊಡ್ಡಬಸಪ್ಪನವರೂ ಅವರಲ್ಲೊಬ್ಬರು. ಕಂದಾಯ ಇಲಾಖೆಯಲ್ಲಿ ಇಪ್ಪತ್ತು ವರ್ಷ ಊರೂರು ತಿರುಗಿ, ಅಳುವವರ ಕಣ್ಣೀರಿಗಿಂತ ಮೊದಲು ಅವರ ಅಟ್ಟ ನೋಡುವ ರೂಢಿ ಮಾಡಿಕೊಂಡಿದ್ದರು. ಮಗ ಸಾಕುತ್ತಿದ್ದರೆ ವೇತನವಿಲ್ಲ. ಅದಕ್ಕೆ ಜನ ಕಂಡುಕೊಂಡ ದಾರಿ ಬೇರೆ ಒಲೆ: ಒಂದೇ ಸೂರಿನಡಿ ಎದೆಮಟ್ಟದ ಮಣ್ಣುಗೋಡೆ, ಆಚೆ ಮಗ, ಈಚೆ ತಾಯಿ.

"ಬೇರೆ ಒಲಿ ಅಂತ ಬರಸ್ತಾರ, ಉಣ್ಣೂದು ಸೊಸಿ ಕೈಯಾಗ. ಬೂದಿ ಮುಟ್ಟಿ ನೋಡಿದ್ರ ಗೊತ್ತಾಕ್ಕೈತಿ," ಎಂದರು ದೊಡ್ಡಬಸಪ್ಪ.

"ನಲವತ್ತು ರೂಪಾಯ್ದಾಗ ಯಾರು ಮಾಳಗಿ ಕಟ್ಸ್ಯಾರ್ರಿ ಸಾಹೇಬ್ರ?" ಎಂದ ಮರ್ದಾನಸಾಬ.

ಸಾಹೇಬರು ಪಟ್ಟಿಯ ತಪಾಸಣೆಗೆಂದು ಬಸ್ಸು ಹತ್ತಿದರು.

ಎರೆಹೊಲಗಳ ನಡುವಿನ ಒಂದು ಊರಿನಲ್ಲಿ, ಪಟ್ಟಿಯಲ್ಲಿದ್ದ ಮುದುಕಿ ಪಕ್ಕೀರವ್ವನ ಮನೆ ಹೊಕ್ಕಾಗ ಹೊತ್ತು ಏರಿತ್ತು. ನಮಸ್ಕಾರಕ್ಕೂ ಮೊದಲು ಅವರು ಬಗ್ಗಿ ಒಲೆಯ ಬೂದಿಯಲ್ಲಿ ಬೆರಳಿಟ್ಟರು. ತಣ್ಣಗಿತ್ತು. ಗೋಡೆಯಾಚೆ ಗಂಡಸಿನ ಕೆಮ್ಮು ಕೇಳಿತು. ಈ ಹೊತ್ತಿನಲ್ಲಿ ಮನೆಯಲ್ಲಿ ಕೂತು ಉಣ್ಣುವ ಮಗನೂ ಸಿಕ್ಕಂತಾಯಿತು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಒಲಿ ಹೊತ್ತಿಲ್ಲಲ್ಲಬೇ."

ಎಂಟು ದಿನಕ್ಕೊಮ್ಮೆ ಹೊತ್ತಿಸಿ ಕಟಕರೊಟ್ಟಿ ಬಡಿದಿಟ್ಟುಕೊಳ್ಳುತ್ತೇನೆ, ದಿನಾ ಸುಡಲು ಕಟ್ಟಿಗೆ ಎಲ್ಲಿಂದ ತರಲಿ ಎಂದಳು ಮುದುಕಿ. ಬುಟ್ಟಿ ಇಳಿಸಿ ತೋರಿಸಿದಳು. ರೊಟ್ಟಿಯೇನೋ ಇದ್ದವು, ಬಡಿದದ್ದು ಸೊಸೆಯಲ್ಲವೆಂದು ಹೇಗೆ ನಂಬುವುದು? ಪಕ್ಕೀರವ್ವ ಬಲಗೈ ಚಾಚಿದಳು. ಕುಡಗೋಲು ತಾಗಿ ನಡುಬೆರಳು ಅರ್ಧ ಹೋಗಿತ್ತು. ರೊಟ್ಟಿಯ ಮೇಲಿನ ಬೆರಳಚ್ಚಿನಲ್ಲೂ ಆ ಬೆರಳಿನ ಜಾಗ ಬರಿದಾಗಿತ್ತು.

ದೊಡ್ಡಬಸಪ್ಪನವರಿಗೆ ನಿರಾಸೆಯಾಯಿತು. ಹೋಲಿಸಿ ನೋಡಬೇಕು, ಸೊಸೆಯ ಬುಟ್ಟಿಯೂ ಬರಲಿ ಎಂದರು.

"ಅದ್ಯಾಕ್ರಿ?" ಎಂದಳು ಮುದುಕಿ, ತಟ್ಟನೆ.

ಆ ಅವಸರವೇ ಅವರಿಗೆ ಬೇಕಾಗಿದ್ದದ್ದು. ತಾವೇ ಗೋಡೆಯಾಚೆ ಹೋದರು. ಸೊಸೆ ಕಳಕಮ್ಮ ಸೆರಗು ಅಡ್ಡ ಹಿಡಿದರೂ ಬುಟ್ಟಿಯ ಬಟ್ಟೆ ಸರಿಸಿದರು. ಮೇಲಿನ ರೊಟ್ಟಿ ನೋಡಿದರು, ಅದರ ಕೆಳಗಿನದು, ಅದರ ಕೆಳಗಿನದು. ಎಲ್ಲದರಲ್ಲೂ ಅದೇ ಅರ್ಧ ಬೆರಳು. ಮೂಲೆಯ ಕೌದಿಯಲ್ಲಿ ಹೊನ್ನೂರಪ್ಪ, ಕುಷ್ಟಗಿ ಕಡೆಯ ಕಲ್ಲುಕ್ವಾರಿಯಲ್ಲಿ ಧೂಳು ಕುಡಿದು ಎದೆ ಕೆಡಿಸಿಕೊಂಡು ಬಂದ ಮಗ, ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

"ಕೈಗಡ ತಂದೀನ್ರಿ, ತಿರುಗಿ ಕೊಡಾಕಿ ನಾನು," ಎಂದಳು ಕಳಕಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದ ದನಿ.

ಪಕ್ಕೀರವ್ವ ಗೋಡೆಯ ಮೇಲೆ ಕೈಯೂರಿ ನಿಂತಿದ್ದಳು. "ಮಗ ನನ್ನ ಸಾಕಿದರ ಹೆಸರು ಹೊಡೀತೀರಿ, ಖರೆ ಐತಿ. ನಾನು ಮಗನ್ನ ಸಾಕಿದರ ಏನು ಬರೀತೀರಿ? ಅದಕ್ಕೊಂದು ಖಾನೆ ಮಾಡ್ಯಾರೇನ್ರಿ?"

ದೊಡ್ಡಬಸಪ್ಪ ಕಾಗದ ಬಿಡಿಸಿದರು. ಆ ಖಾನೆ ಇರಲಿಲ್ಲ. ಒಲೆ ಒಂದೇ, ಅದಂತೂ ಸಾಬೀತಾಗಿತ್ತು. ಇಪ್ಪತ್ತು ವರ್ಷ ಅವರು ಅಷ್ಟಕ್ಕೇ ನಿಲ್ಲುತ್ತಿದ್ದರು, ಆ ಒಲೆಯ ಜೋಳ ಯಾರದೆಂದು ಕೇಳಿದವರಲ್ಲ. ಹೀಗೆಯೇ ಹೊಡೆದುಹಾಕಿದ ಹೆಸರುಗಳು ಎಷ್ಟೋ. ಒಂದೆರಡು ಮುಖ ನೆನಪಿಗೆ ಬಂದವು.

ಹೊಸ್ತಿಲ ಮೇಲೆ ಕೂತು ಬರೆದರು. ಪಕ್ಕೀರವ್ವ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ.

"ಏನು ಬರದೀರಿ, ಓದ್ರಿ."

"ಮಗನ ಆಸರೆ ಇಲ್ಲ. ವೇತನ ಮುಂದುವರಿಸುವುದು."

"ಇನ್ನೊಮ್ಮೆ ಓದ್ರಿ. ಅಕ್ಷರದ ಮ್ಯಾಲೆ ಬೆರಳಿಟ್ಟು ಓದ್ರಿ."

ಗಿರ್ದಾವರರು ಬೂದಿ ಹತ್ತಿದ ಬೆರಳನ್ನು ಒಂದೊಂದೇ ಅಕ್ಷರದ ಕೆಳಗೆ ಸರಿಸುತ್ತ ಮತ್ತೆ ಓದಿದರು. ಮುದುಕಿ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. ಎರಡೂ ಸಲ ಒಂದೇ ಮಾತು ಬಂತು. ಆಮೇಲೆಯೇ ಅವಳು ಕೈ ಮುಂದೆ ಮಾಡಿದ್ದು.